ರೊಟ್ಟಿ ತರೋಕಿ

ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಧಾರವಾಡಕ್ಕೆ ಹೋಗಲು ಹೆಚ್ಚೆಂದರೆ ಒಂದು ತಾಸು. ನಿತ್ಯ ಎಷ್ಟೋ ಜನ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುತ್ತಾರೆ. ನಾನು ಪಿಯುಸಿಗೆಂದು ಧಾರವಾಡದ ಹಾಸ್ಟೆಲ್ ಸೇರಿದ ಮೇಲೆ ಎರಡು ವರ್ಷ ಆ ಒಂದು ತಾಸಿನ ದಾರಿ ನನ್ನ ಪಾಲಿಗೆ ಇರಲೇ ಇಲ್ಲ.

ನಾನೂ ನನ್ನ ಗೆಳತಿಯೂ ಗೋಕುಲ ರಸ್ತೆಯ ಹಿಂದಿನ ಒಂದೇ ಓಣಿಯವರು. ನನ್ನ ಅಪ್ಪ ಅಲ್ಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಮಷಿನ್ ಮೇಲೆ ಕೆಲಸ ಮಾಡುತ್ತಿದ್ದರು. ಅವಳ ತಂದೆ ಅವಳು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದರು. ಅವಳ ಅವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದರು. ಒಂದನೆಯ ತರಗತಿಯಿಂದ ಹತ್ತನೆಯವರೆಗೆ ನಾವಿಬ್ಬರೂ ಒಂದೇ ಬೆಂಚು. ಅವಳದು ದೊಡ್ಡ ದನಿ. ನಮ್ಮ ಮನೆಗೆ ಬಂದರೆ ಬಾಗಿಲು ಬಡಿಯುತ್ತಿರಲಿಲ್ಲ, ಓಣಿಯ ತುದಿಯಿಂದಲೇ ಕೂಗುತ್ತಿದ್ದಳು. ಅಪ್ಪ ಪೇಪರಿನಿಂದ ತಲೆ ಎತ್ತಿ, "ಬಂತು ನೋಡು ನಿಮ್ಮ ಲೌಡ್‌ಸ್ಪೀಕರ್" ಅನ್ನುತ್ತಿದ್ದರು.

ಹತ್ತನೆಯ ತರಗತಿಯಲ್ಲಿ ನನಗೆ ಒಳ್ಳೆಯ ಅಂಕ ಬಂದವು. ಮಗಳು ಡಾಕ್ಟರ್ ಆಗಬೇಕು ಎಂದು ಅಪ್ಪ ಅಂದೇ ತೀರ್ಮಾನಿಸಿಬಿಟ್ಟರು. ಯಾರನ್ನೋ ಕೇಳಿ, ಎಲ್ಲೆಲ್ಲೋ ತಿರುಗಿ, ಧಾರವಾಡದಲ್ಲಿ ಕಾಲೇಜು, ಕೋಚಿಂಗ್, ಹಾಸ್ಟೆಲ್ ಮೂರೂ ಒಂದೇ ಕಾಂಪೌಂಡಿನೊಳಗಿರುವ ಜಾಗ ಹುಡುಕಿದರು. ಗೆಳತಿ ಮನೆಯ ಹತ್ತಿರದ ಕಾಲೇಜಿನಲ್ಲಿ ಕಾಮರ್ಸ್ ತೆಗೆದುಕೊಂಡಳು. ನಾನು ಹೊರಡುವ ದಿನ ಟ್ರಂಕಿನ ಒಂದು ಹಿಡಿಕೆ ಅವಳೇ ಹಿಡಿದಿದ್ದಳು.

"ಧಾರವಾಡ ಅಂದ್ರ ಏನ್ ಅಮೇರಿಕಾ ಏನ? ವಾರಕ್ಕೊಮ್ಮೆ ಬರ್ತೇನಿ, ತಗೋ," ಅಂದಳು.

ಅವಳು ಬಂದಳು ಕೂಡ. ತಿಂಗಳ ಎರಡನೆಯ ರವಿವಾರ ಪಾಲಕರು ಭೇಟಿಯಾಗುವ ದಿನ. ನನ್ನ ಅವ್ವನ ಜೊತೆ ಗೆಳತಿಯೂ ಬಂದಿದ್ದಳು. ಗೇಟಿನಲ್ಲಿ ಒಂದು ಕಾರ್ಡು ತೋರಿಸಬೇಕು. ಅದರ ಮೇಲೆ ಅಪ್ಪ ಅವ್ವನ ಫೋಟೋ ಅಂಟಿಸಿರುತ್ತಾರೆ. ಫೋಟೋ ಇಲ್ಲದವರಿಗೆ ಪ್ರವೇಶವಿಲ್ಲ. ಅವ್ವ ಒಳಗೆ ಬಂದು ಕುಳಿತವಳೇ, "ಅಕಿ ಹೊರಗ ನಿಂತಾಳವ್ವ. ಒಳಗ ಬಿಡವಲ್ರು," ಅಂದಳು. ಭೇಟಿಯ ಕೋಣೆಯ ಕಿಟಕಿ ರಸ್ತೆಯ ಕಡೆಗಿರಲಿಲ್ಲ. ಆ ಅರ್ಧ ತಾಸು ಅವ್ವ ತಂದ ಉಂಡಿಯ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಗೋಡೆಯ ಆಚೆ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಅವಳಿದ್ದಳು. ಕೂಗುವಂತಿರಲಿಲ್ಲ.

ಆಮೇಲೆ ಅವಳು ಪತ್ರ ಬರೆದಳು. ಈಗಿನ ಕಾಲದಲ್ಲಿ ಪತ್ರ ಯಾರು ಬರೆಯುತ್ತಾರೆ ಅನ್ನಬೇಡಿ. ಫೋನು ಹಾಸ್ಟೆಲಿನೊಳಗೆ ತರುವಂತಿರಲಿಲ್ಲ. ರವಿವಾರ ವಾರ್ಡನ್ ಮೇಡಂ ಅವರ ಕೋಣೆಯಲ್ಲಿ ಅವರದೇ ಫೋನಿನಿಂದ ಹತ್ತು ನಿಮಿಷ ಮನೆಗೆ ಮಾತಾಡಬಹುದಿತ್ತು, ಅದೂ ಸ್ಪೀಕರ್ ಹಚ್ಚಿ. ಹೀಗಾಗಿ ಅವಳು ಅಂಚೆ ಹಿಡಿದಳು. ಮೊದಲನೆಯ ಪತ್ರ ಬಂದಾಗ ಮೇಡಂ ನನ್ನನ್ನು ಕರೆಸಿದರು. ಕವರು ಒಡೆದಿತ್ತು. ಅವರು ಬಯ್ಯಲಿಲ್ಲ.

"ಓದೇನಿ. ಕೆಟ್ಟದ್ದೇನಿಲ್ಲ. ಆದ್ರ ಇಂಥದ್ದು ಓದಿದ್ರ ಎರಡು ದಿನ ನಿನ್ನ ತಲಿ ಇಲ್ಲಿರಂಗಿಲ್ಲ. ಪರೀಕ್ಷಾ ಮುಗೀಲಿ, ಕೊಡ್ತೇನಿ," ಎಂದು ಡ್ರಾವರಿನಲ್ಲಿ ಇಟ್ಟುಬಿಟ್ಟರು. ನನ್ನ ಗೆಳತಿಯ ದುಂಡು ಅಕ್ಷರಗಳು ಮೇಜಿನ ಆಚೆಯಿಂದ ತಲೆಕೆಳಗಾಗಿ ಕಂಡವು. ಒಂದು ಸಾಲನ್ನೂ ಓದಲಾಗಲಿಲ್ಲ.

ಆ ಕಟ್ಟಡದ ಬಗ್ಗೆ ಹೇಳಬೇಕು. ಮೂರು ಮಹಡಿ. ಎಲ್ಲ ಕಿಟಕಿಗಳಿಗೂ ಕಬ್ಬಿಣದ ಜಾಳಿಗೆ. ಮೂರನೆಯ ಮಹಡಿಯ ಗ್ಯಾಲರಿಗೂ ತಲೆಯ ಮೇಲಿನವರೆಗೆ. ಬೆಳಿಗ್ಗೆ ಐದಕ್ಕೆ ಗಂಟೆ. ಓದುವ ಕೋಣೆ, ಮೆಸ್ಸು, ಕ್ಲಾಸು, ಮತ್ತೆ ಓದುವ ಕೋಣೆ. ರವಿವಾರ ಬೆಳಿಗ್ಗೆ ಟೆಸ್ಟು, ಮಂಗಳವಾರ ರ‍್ಯಾಂಕಿನ ಪಟ್ಟಿ. ಗೇಟಿನ ಆಚೆ ಧಾರವಾಡ ತನ್ನ ಪಾಡಿಗೆ ತಾನಿತ್ತು. ಜಾಳಿಗೆಯ ಮೂಲಕ ನೋಡಿದರೆ ಬೇರೆ ಕಾಲೇಜಿನ ಹುಡುಗಿಯರು ಚಹಾದ ಗಾಡಿಯ ಹತ್ತಿರ ನಿಂತು ನಗುವುದು ಕಾಣುತ್ತಿತ್ತು. ನನಗೆ ಯಾರೂ ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ದೂರು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಆದರೂ ಮಂಗಳವಾರ ಪಟ್ಟಿಯ ಮುಂದೆ ನಿಂತಾಗಲೆಲ್ಲ ಎದೆಯೊಳಗೆ ಗಾಳಿ ಅರ್ಧದಲ್ಲೇ ನಿಲ್ಲುತ್ತಿತ್ತು. ಮನೆಗೆ ಹೋಗುತ್ತೇನೆ ಅನ್ನಲು ಬಾಯಿ ಬರುತ್ತಿರಲಿಲ್ಲ. ಅಪ್ಪ ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದರು.

ಹೀಗೇ ಒಂದು ವರ್ಷ ಕಳೆಯಿತು. ಎರಡನೆಯ ವರ್ಷದ ದಸರೆಗೆ ನಾಲ್ಕು ದಿನ ಮನೆಗೆ ಬಿಟ್ಟರು. ಗೆಳತಿಯ ಮನೆಯ ಅಟ್ಟದ ಮೇಲೆ ಜೋಳದ ಚೀಲಗಳ ನಡುವೆ ಕುಳಿತು ನಾನು ಅತ್ತಿದ್ದೇ ಅತ್ತಿದ್ದು. ಅವಳು ಸಮಾಧಾನ ಹೇಳಲಿಲ್ಲ. ಎಲ್ಲ ಕೇಳಿಸಿಕೊಂಡು ಕೊನೆಗೆ, "ನಿಮ್ಮ ಮೆಸ್ಸಿನ್ಯಾಗ ರೊಟ್ಟಿ ಹೆಂಗಿರ್ತಾವು?" ಎಂದು ಕೇಳಿದಳು. ನಾನು ಅಳುತ್ತಿರುವಾಗ ಇವಳಿಗೆ ರೊಟ್ಟಿಯ ಚಿಂತೆಯೇ ಎಂದು ಸಿಟ್ಟು ಬಂತು. "ತೊಗಲು ಇದ್ದಂಗ ಇರ್ತಾವು," ಅಂದೆ.

ಮೂರು ವಾರದ ನಂತರ ಒಂದು ಗುರುವಾರ ನಾಷ್ಟಾ ಮುಗಿಸಿ ತಾಟು ತೊಳೆಯುತ್ತಿದ್ದೆ. ಅಡುಗೆ ಮಾಡುವ ಹಿರಿಯ ಹೆಂಗಸು, ನಾವೆಲ್ಲ ಅಡಗಿ ಅಕ್ಕ ಅನ್ನುತ್ತಿದ್ದವರು, ಕಣ್ಣು ಸನ್ನೆ ಮಾಡಿ, "ಹಿಂದಕ ಹೋಗು, ಲಗೂ," ಅಂದರು. ಅಡುಗೆಮನೆಯ ಹಿಂದಿನ ಬಾಗಿಲಲ್ಲಿ ಗ್ಯಾಸ್ ಸಿಲಿಂಡರುಗಳ ಪಕ್ಕ ಅವಳು ನಿಂತಿದ್ದಳು. ಕಾಲ ಬಳಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಎರಡು ದೊಡ್ಡ ಗಂಟು.

"ನೀ ಹೆಂಗ ಬಂದಿ?"

"ರೊಟ್ಟಿ ಆರ್ಡರ್ ಹಿಡದೇನಿ. ವಾರಕ್ಕೊಮ್ಮೆ ಖಡಕ್ ರೊಟ್ಟಿ. ಆಫೀಸಿಗೆ ಹೋಗಿ ಮ್ಯಾನೇಜರಗ ಎರಡು ರೊಟ್ಟಿ ತಿನ್ನಿಸಿ ಬಂದೆ, ಒಪ್ಪಿಕೊಂಡ್ರು. ಬಾಯಿ ಮುಚ್ಚು, ನೊಣಾ ಹೋಗ್ತಾವು."

ಓಣಿಯ ತುದಿಯಿಂದ ಕೂಗುತ್ತಿದ್ದವಳು ಇಷ್ಟನ್ನೂ ಪಿಸುಮಾತಿನಲ್ಲಿ ಹೇಳಿದಳು. ನಾನು ಅವಳ ಕೈ ಹಿಡಿದುಕೊಂಡು ನಿಂತೆ. ಹಿಟ್ಟಿನ ವಾಸನೆ, ಬಸ್ಸಿನ ವಾಸನೆ, ಹೊರಗಿನ ಬಿಸಿಲಿನ ವಾಸನೆ ಎಲ್ಲ ಅವಳ ಮೇಲಿತ್ತು.

ಅಲ್ಲಿಂದ ಪ್ರತಿ ಗುರುವಾರ ಬಂದಳು. ನಾಷ್ಟಾ ಮುಗಿದು ಮೊದಲ ಕ್ಲಾಸಿನ ಗಂಟೆ ಬಾರಿಸುವವರೆಗೆ ನಮಗೆ ಏಳೆಂಟು ನಿಮಿಷ ಸಿಗುತ್ತಿತ್ತು. ಅಡಗಿ ಅಕ್ಕ ಬಾಗಿಲಿಗೆ ಅಡ್ಡವಾಗಿ ಕುಳಿತು ಕೊತ್ತಂಬರಿ ಸೋಸುತ್ತಿದ್ದರು. ಆ ಏಳೆಂಟು ನಿಮಿಷಕ್ಕಾಗಿ ನಾನು ವಾರವಿಡೀ ಬದುಕುತ್ತಿದ್ದೆ ಎಂದರೆ ಉತ್ಪ್ರೇಕ್ಷೆಯಲ್ಲ. ಏನು ಹೇಳಬೇಕೆಂದು ಬುಧವಾರವೇ ನೆನಪಿಸಿಕೊಂಡು ಇಡುತ್ತಿದ್ದೆ. ರ‍್ಯಾಂಕು ಎಷ್ಟು ಇಳಿಯಿತು, ಭೌತಶಾಸ್ತ್ರದ ಸರ್ ಎಲ್ಲರೆದುರು ಏನಂದರು, ಪಕ್ಕದ ಹಾಸಿಗೆಯ ಹುಡುಗಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ನನಗೆ ಇಲ್ಲಿ ಉಸಿರು ಕಟ್ಟುತ್ತದೆ. ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ. ಅವಳು "ಹೂಂ, ಹೂಂ" ಅನ್ನುತ್ತ ಕೇಳುತ್ತಿದ್ದಳು. ಗಂಟೆ ಬಾರಿಸುತ್ತಿತ್ತು. ನಾನು ಓಡುತ್ತಿದ್ದೆ.

ಗುರುವಾರ ಬೆಳಿಗ್ಗೆ ಆ ಹೊತ್ತಿಗೆ ಧಾರವಾಡ ಮುಟ್ಟಬೇಕಾದರೆ ಅವಳು ಎಷ್ಟಕ್ಕೆ ಏಳಬೇಕು, ಹೊರುವುದಕ್ಕೇ ಆಗದ ಆ ಗಂಟುಗಳನ್ನು ಬಸ್ಸಿಗೆ ಹೇಗೆ ಹತ್ತಿಸುತ್ತಾಳೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಅವಳಿಗೂ ಕಾಲೇಜು ಇದೆ, ಗುರುವಾರ ಅವಳ ಕ್ಲಾಸು ಏನಾಗುತ್ತದೆ ಎಂಬ ಯೋಚನೆಯೂ ಬರಲಿಲ್ಲ. ಡಿಸೆಂಬರಿನ ಒಂದು ಗುರುವಾರ ಅವಳ ಮುಂಗೈ ಮೇಲೆ ಹಂಚು ತಾಗಿ ಸುಟ್ಟ ಗುರುತಿತ್ತು. ಅದನ್ನು ಕಂಡೆ. ಅವಳು, "ಒಂದ್ ಮಾತು ಹೇಳಬೇಕಿತ್ತು ನಿನಗ," ಎಂದು ಶುರು ಮಾಡಿದಳು. ಆ ವಾರ ನನ್ನ ರ‍್ಯಾಂಕು ಮೊದಲ ನೂರರಿಂದ ಹೊರಗೆ ಬಿದ್ದಿತ್ತು. "ಮೊದಲ ನಂದು ಕೇಳು," ಅಂದೆ. ನನ್ನದು ಮುಗಿಯುವಷ್ಟರಲ್ಲಿ ಗಂಟೆಯಾಯಿತು. ಮುಂದಿನ ವಾರ ಅವಳು ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಫೆಬ್ರವರಿಯಲ್ಲಿ ಪರೀಕ್ಷೆ ಹತ್ತಿರ ಬಂದಂತೆ ಕಾವಲು ಬಿಗಿಯಾಯಿತು. ಒಂದು ಗುರುವಾರ ಅಡಗಿ ಅಕ್ಕ ರಜೆಯ ಮೇಲಿದ್ದರು. ಬಾಗಿಲಿಗೆ ಅಡ್ಡ ಯಾರೂ ಇರಲಿಲ್ಲ. ನಾನು ಗೆಳತಿಯ ಭುಜದ ಮೇಲೆ ತಲೆಯಿಟ್ಟು ಅಳುತ್ತಿದ್ದಾಗ ಹಿಂದಿನಿಂದ ಚಪ್ಪಲಿಯ ಸಪ್ಪಳ ಕೇಳಿಸಿತು. ವಾರ್ಡನ್ ಮೇಡಂ.

"ಇಲ್ಲೇನ್ ಮಾಡಾಕತ್ತಿ? ಯಾರು ಇಕಿ?"

ಉತ್ತರ ಕೊಡಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಇಂದಿಗೂ ನನಗೆ ಚುಚ್ಚುವುದು ಅದೇ.

"ಗೊತ್ತಿಲ್ಲ ಮೇಡಂ. ರೊಟ್ಟಿ ತರೋಕಿ. ಕಣ್ಣಾಗ ಏನೋ ಬಿದ್ದಿತ್ತು, ನೋಡು ಅಂದೆ."

ಮೇಡಂ ಅವಳ ಕಡೆ ತಿರುಗಿದರು. ಗೆಳತಿ ನನ್ನನ್ನು ನೋಡಲಿಲ್ಲ. "ಹೌದ್ರಿ ಮೇಡಂ. ನಾ ರೊಟ್ಟಿ ತರೋಕಿರಿ," ಅಂದಳು. ಖಾಲಿ ಬಟ್ಟೆಗಳನ್ನು ಒಂದೊಂದಾಗಿ ಝಾಡಿಸಿ, ಮಡಚಿ, ಕಂಕುಳಲ್ಲಿಟ್ಟುಕೊಂಡು ಹಿಂದಿನ ಗೇಟಿನಿಂದ ಹೊರಟುಹೋದಳು. ಆ ಗೇಟು ಅವಳಿಗೆ ತೆರೆದಿತ್ತು. ನನಗಿರಲಿಲ್ಲ.

ಅಂದು ಇಡೀ ದಿನ ನನಗೆ ನಾನೇ ಒಂದು ಸಮಜಾಯಿಷಿ ಕೊಟ್ಟುಕೊಂಡೆ. ಗೆಳತಿ ಎಂದು ಹೇಳಿದ್ದರೆ ಅವರ ರೊಟ್ಟಿ ಆರ್ಡರ್ ಹೋಗುತ್ತಿತ್ತು. ಅವಳ ಸಲುವಾಗಿಯೇ ಹಾಗೆ ಅಂದೆ. ಮರುದಿನಕ್ಕೆ ಅದು ಸುಳ್ಳೆಂದು ನನಗೇ ತಿಳಿದಿತ್ತು. ನಾನು ಹೆದರಿದ್ದೆ, ಅಷ್ಟೆ. ಅಪ್ಪನನ್ನು ಕರೆಸುತ್ತಾರೆ ಎಂದು ಹೆದರಿದ್ದೆ.

ಮುಂದಿನ ಗುರುವಾರ ಹಿಂದಿನ ಬಾಗಿಲಿಗೆ ಓಡಿದೆ. ಅವಳ ಮನೆಯಲ್ಲಿ ರೊಟ್ಟಿ ಬಡಿಯಲು ಬರುತ್ತಿದ್ದ ಇನ್ನೊಬ್ಬ ಹೆಂಗಸು ಗಂಟು ಇಳಿಸುತ್ತಿದ್ದರು. "ಅಕಿ ಬರಲಿಲ್ಲೇನ್ರಿ?" ಎಂದು ಕೇಳಿದೆ. "ಇನ್ನ ಮ್ಯಾಲೆ ನಾನ ಬರಾಕಿ," ಅಂದರು. ಅದರ ಮುಂದಿನ ಗುರುವಾರವೂ ಅವರೇ.

ಎರಡು ವರ್ಷದಲ್ಲಿ ಆ ಜಾಳಿಗೆಗಳು ನನ್ನನ್ನು ಅಷ್ಟು ಬಿಗಿಯಾಗಿ ಎಂದೂ ಹಿಡಿದಿರಲಿಲ್ಲ. ಹೊರಗಿದ್ದಿದ್ದರೆ ಒಂದು ತಾಸಿನಲ್ಲಿ ಅವಳ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ. ಬಯ್ಯಿಸಿಕೊಳ್ಳುತ್ತಿದ್ದೆ. ಅತ್ತು, ಕಾಲು ಹಿಡಿದು ಏನಾದರೂ ಮಾಡುತ್ತಿದ್ದೆ. ಇಲ್ಲಿ ತಪ್ಪಾಯಿತು ಎಂದು ಹೇಳಲು ಕೂಡ ಒಂದು ದಾರಿಯಿಲ್ಲ. ಆ ಹೆಂಗಸಿನ ಕೈಯಲ್ಲಿ ಚೀಟಿ ಕೊಡಬಹುದಿತ್ತು. ಒಂದು ಬರೆದೆ ಕೂಡ. ಅಡಗಿ ಅಕ್ಕ ಅದನ್ನು ಕಂಡು, "ಬ್ಯಾಡವ್ವ, ಸಿಕ್ರ ನನ್ನ ಕೆಲಸಾನೂ ಹೋಕ್ಕೈತಿ," ಅಂದರು. ಹರಿದು ಕಸದ ಬುಟ್ಟಿಗೆ ಹಾಕಿದೆ.

ಅದಾದ ಮೂರನೆಯ ರವಿವಾರ ಫೋನಿನ ಸರದಿ ಬಂದಾಗ ಮೇಡಂ ಎಂದಿನಂತೆ ಸ್ಪೀಕರ್ ಹಚ್ಚಿ ಮೇಜಿನ ಮೇಲೆ ಇಟ್ಟು ಟೆಸ್ಟಿನ ಪೇಪರುಗಳನ್ನು ಜೋಡಿಸುತ್ತ ಕುಳಿತರು. ಅವ್ವ, "ಉಂಡೇನವ್ವ?" ಅಂದಳು.

"ಉಂಡೇನಿ. ಅವ್ವಾ, ಒಂದ್ ಕೆಲಸ ಮಾಡು. ಅಕಿ ಮನಿಗೆ ಹೋಗು. ಅಡಗಿಮನ್ಯಾಗ ಮೇಡಂ ಮುಂದ ನೀ ಯಾರೋ ಗೊತ್ತಿಲ್ಲ ಅಂದೆ, ಅದು ನಂದ ತಪ್ಪು ಅಂತ ಹೇಳು. ಅಂಜಿ ಹಂಗಂದೆ ಅಂತ ಹೇಳು."

ಪೇಪರಿನ ಸಪ್ಪಳ ನಿಂತಿತು. ನಾನು ಮೇಜಿನ ಅಂಚನ್ನೇ ನೋಡುತ್ತಿದ್ದೆ. ಅವ್ವನಿಗೆ ಏನೂ ಅರ್ಥವಾಗಲಿಲ್ಲ.

"ಯಾವ ಅಡಗಿಮನಿ? ಅಕಿ ನಿಮ್ಮಲ್ಲಿಗೆ ಬರ್ತಿದ್ಲೇನು?"

"ರೊಟ್ಟಿ ತಗೊಂಡು ಬರ್ತಿದ್ಲು. ಗುರುವಾರಕ್ಕೊಮ್ಮೆ."

"ಪಾಪ, ಅದಕ ಏನ್ ಕೆಲಸ ಕಡಿಮಿ ಅದಾವು," ಅಂದಳು ಅವ್ವ. "ಅವರವ್ವನ ಕೈ ಪೂರಾ ಹೋತಲ್ಲ. ರೊಟ್ಟಿ ಬಡಿಬ್ಯಾಡ ಅಂದಾರ ಡಾಕ್ಟರ್. ಅಕಿ ಕಾಲೇಜ ಬಿಟ್ಟು ಮೂರು ತಿಂಗಳಾತು. ನಿನಗ ಹೇಳಿಲ್ಲೇನು?"

ಹತ್ತು ನಿಮಿಷ ಆಗಿರಲಿಲ್ಲ. ಅವ್ವ ಎರಡು ಸಲ "ಹಲೋ" ಎಂದು ಇಟ್ಟುಬಿಟ್ಟಳು. ಮೇಡಂ ಫೋನು ತಮ್ಮ ಕಡೆ ಎಳೆದುಕೊಂಡರು. ಬಯ್ಯುತ್ತಾರೆ ಎಂದು ಕಾದೆ.

"ಅವತ್ತ ಖರೇ ಹೇಳಿದ್ರ ನಾ ಏನ್ ಮಾಡ್ತಿದ್ದೆ ಅಂತ ತಿಳಿದಿದ್ದಿ?" ಎಂದು ಕೇಳಿದರು.

"ಅಕಿನ್ನ ಬರಾಕ ಬಿಡ್ತಿರಲಿಲ್ಲರಿ."

ಅವರು ಪೇಪರುಗಳ ಕಡೆ ನೋಡಿದರು. "ಹೌದು. ಬಿಡ್ತಿರಲಿಲ್ಲ," ಅಂದರು. "ಹೋಗು, ಮುಖಾ ತೊಳಕೊಂಡು ಓದಾಕ ಕುಂಡ್ರು."

ರೊಟ್ಟಿಯ ಆರ್ಡರ್ ಅವರು ನಿಲ್ಲಿಸಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ಅದು ಅವರ ಕೈಲಾದ ಕರುಣೆ ಎಂದು ಈಗ ಅನಿಸುತ್ತದೆ. ಆಗ ಅದೂ ತಿಳಿಯಲಿಲ್ಲ.

ಮುಂದಿನ ಭೇಟಿಗೆ ಬಂದ ಅವ್ವ ಹೇಳಿದಳು: "ಹೋಗಿದ್ದೆ. ನೀ ಹೇಳಿದ್ದೆಲ್ಲಾ ಹೇಳಿದೆ. ಅಕಿ ಏನೂ ಅನ್ನಲಿಲ್ಲ. ಚಹಾ ಮಾಡಿಕೊಟ್ಲು. 'ಪರೀಕ್ಷಾ ಛಲೋ ಬರಿ ಅನ್ರಿ' ಅಂದ್ಲು." ದೂರದ ಬಂಧುಗಳ ಮನೆಯ ಹುಡುಗಿಗೆ ಹೇಳುವ ಮಾತು ಅದು. ಬಯ್ದು ಕಳಿಸಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಮೇ ತಿಂಗಳಲ್ಲಿ ಕೊನೆಯ ಪರೀಕ್ಷೆ ಬರೆದು ಮನೆಗೆ ಬಂದೆ. ಟ್ರಂಕು ಇಳಿಸಿದ ಮಧ್ಯಾಹ್ನವೇ ಅವಳ ಮನೆಗೆ ಹೋದೆ. ಹೊರಗಿನ ಬಿಸಿಲಿಗಿಂತ ಒಳಗಿನ ಕಾವು ಹೆಚ್ಚಾಗಿತ್ತು. ಮೂರು ಒಲೆ, ಮೂರು ಹಂಚು. ಅವಳ ಅವ್ವ ಮೂಲೆಯಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ರೊಟ್ಟಿ ಎಣಿಸಿ ಜೋಡಿಸುತ್ತಿದ್ದರು. ಅವಳು ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ.

"ಕುಂಡ್ರು," ಅಂದಳು.

ಕುಳಿತೆ. ಅವಳ ಅಂಗೈಯ ಕೆಳಗೆ ರೊಟ್ಟಿ ತಿರುಗುತ್ತ ಅಗಲವಾಗುತ್ತಿತ್ತು. "ಅವತ್ತ ನಾ ಸಿಕ್ಕಿಬಿದ್ದಿದ್ದೆ," ಎಂದಷ್ಟೇ ಅಂದೆ.

"ಗೊತ್ತೈತಿ. ನಾ ಏನ್ ಆರಾಮ ಇದ್ನೇನು?" ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. "ನೋಡು, ನೀ 'ಗೊತ್ತಿಲ್ಲ' ಅಂದಿಯಲ್ಲ, ಅದಕ ನಂಗ ಅಷ್ಟೇನ್ ಅನಸಲಿಲ್ಲ. ಮೇಡಂ ಮುಂದ ಮತ್ತೇನ್ ಅಂತಿದ್ದಿ. ಬಸ್ಸಿನ್ಯಾಗ ಕುಂತ ಮ್ಯಾಲೆ ವಿಚಾರ ಬಂತು. ಅಕಿ ಸುಳ್ಳ ಹೇಳಿಲ್ಲ, ಖರೇನ ಅಕಿಗೆ ನಂದು ಏನೂ ಗೊತ್ತಿಲ್ಲ ಅಂತ. ಆವಾಗ ಅಳು ಬಂತು."

"ನಮ್ಮ ಹಾಸ್ಟೆಲ್ ಆರ್ಡರ್ ಹಿಡದ ಮ್ಯಾಲೆ ನಿಮ್ಮವ್ವನ ಕೈ ಕೆಟ್ಟಿತೇನು?" ಎಂದು ಕೇಳಿದೆ.

ಮೂಲೆಯಲ್ಲಿದ್ದ ಅವಳ ಅವ್ವ, "ಮೊದಲಿಂದ ನೋಯ್ತಿತ್ತವ್ವ ಅದು," ಅಂದರು. ಗೆಳತಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ರೊಟ್ಟಿ ತಿರುವಿದಳು. ನನಗೆ ಆ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಆ ದಿನ ನಮ್ಮ ನಡುವೆ ಏನೂ ಸರಿಹೋಗಲಿಲ್ಲ. ಎದ್ದು ಬರುವಾಗ ಅವಳು ಬಾಗಿಲವರೆಗೆ ಬರಲಿಲ್ಲ. ಆದರೆ ಮರುದಿನ ಮತ್ತೆ ಹೋದೆ. ಅದರ ಮರುದಿನವೂ. ರೊಟ್ಟಿ ಬಡಿಯಲು ನನಗೆ ಬರುತ್ತಿರಲಿಲ್ಲ. ಒಣಗಿದವನ್ನು ಕಟ್ಟು ಕಟ್ಟುವ ಕೆಲಸ ಹಚ್ಚಿದರು. ಹತ್ತು ಹನ್ನೆರಡು ದಿನ ಅವಳು ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಒಂದು ದಿನ ನಾನು ಕಟ್ಟಿದ ಗಂಟು ಬಿಚ್ಚಿಕೊಂಡು ರೊಟ್ಟಿಯೆಲ್ಲ ಅಂಗಳದಲ್ಲಿ ಚೆಲ್ಲಿಹೋದಾಗ, "ಏ ಹುಚ್ಚಿ, ಎರಡು ವರ್ಷ ಏನ್ ಕಲಿಸ್ಯಾರ ನಿನಗಲ್ಲಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಚೂರಾದ ರೊಟ್ಟಿಗಳ ನಡುವೆ ಕುಳಿತು ನಾನು ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ.

ಫಲಿತಾಂಶ ಬಂತು. ಡಾಕ್ಟರ್ ಆಗುವಷ್ಟು ರ‍್ಯಾಂಕು ಬರಲಿಲ್ಲ. ಅಪ್ಪ ಇನ್ನೊಂದು ವರ್ಷ ಅಲ್ಲೇ ಕುಳಿತು ಬರೆ ಅಂದರು. "ಇಲ್ಲಪ್ಪಾ, ಆ ಗೇಟಿನೊಳಗ ನಾ ಮತ್ತ ಹೋಗಂಗಿಲ್ಲ," ಅಂದೆ. ಅಪ್ಪನ ಎದುರು ಅಷ್ಟು ದೊಡ್ಡ ಮಾತಾಡಿದ್ದು ಅದೇ ಮೊದಲು. ಅವರು ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನು ಧಾರವಾಡದಲ್ಲೇ ಬಿಎಸ್ಸಿ ಸೇರಿದೆ, ಆದರೆ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬಂದು ಮಾಡಿದೆ. ಗೆಳತಿಯ ಪಿಯುಸಿ ಅರ್ಧಕ್ಕೆ ನಿಂತಿತ್ತಲ್ಲ, ಖಾಸಗಿಯಾಗಿ ಪರೀಕ್ಷೆ ಕಟ್ಟಲು ಫಾರ್ಮು ತಂದುಕೊಟ್ಟೆ. ಮಧ್ಯಾಹ್ನದ ಹಂಚುಗಳು ಆರಿದ ಮೇಲೆ ಅಕೌಂಟೆನ್ಸಿ ಪುಸ್ತಕ ಹಿಡಿದು ಕೂಡುತ್ತಿದ್ದಳು. ನನಗೆ ಅದರಲ್ಲಿ ಒಂದಕ್ಷರ ತಿಳಿಯದಿದ್ದರೂ ಪ್ರಶ್ನೆ ಓದಿ ಕೇಳುತ್ತಿದ್ದೆ. ಮೊದಲ ಸಲ ಒಂದು ವಿಷಯ ಹೋಯಿತು, ಎರಡನೆಯ ಸಲಕ್ಕೆ ಪಾಸಾದಳು. ಡಿಗ್ರಿ ಮಾಡು ಎಂದು ಬಹಳ ಹೇಳಿದೆ. "ಸಾಕು ಮಾರಾಯ್ತಿ," ಅಂದಳು. ಈಗ ಅವಳ ಮನೆಯಲ್ಲಿ ಆರು ಹೆಂಗಸರು ಕೆಲಸ ಮಾಡುತ್ತಾರೆ.

ನಾನು ಈಗ ಬಿ.ಎಡ್. ಮಾಡುತ್ತಿದ್ದೇನೆ. ವಾರಕ್ಕೆರಡು ಸಲ ಭೇಟಿಯಾಗುತ್ತೇವೆ, ಜಗಳವಾಡುತ್ತೇವೆ. ನೋಡಿದವರು ಏನೂ ಬದಲಾಗಿಲ್ಲ ಅನ್ನಬಹುದು. ಒಂದು ಬದಲಾಗಿದೆ. ಮೊದಲೆಲ್ಲ ಅವಳು ತನಗಾದದ್ದನ್ನು ಕೇಳುವ ಮುಂಚೆಯೇ ಹೇಳುತ್ತಿದ್ದಳು. ಈಗ ಹೇಳುವುದಿಲ್ಲ. ಕಳೆದ ತಿಂಗಳು ನವಲಗುಂದದ ಕಡೆಯಿಂದ ಅವಳನ್ನು ನೋಡಲು ಗಂಡಿನವರು ಬಂದು ಹೋಗಿದ್ದರು; ನನಗೆ ತಿಳಿದದ್ದು ನಾಲ್ಕು ದಿನ ಬಿಟ್ಟು, ಅದೂ ಅವಳ ಅವ್ವನಿಂದ. ಹೋಗಿ, "ಹುಡುಗ ಹೆಂಗದಾನ?" ಎಂದು ಕೇಳಿದೆ. "ಅದಾನ," ಅಂದಳು. ನಾನು ಎದ್ದು ಬರಲಿಲ್ಲ. ಕುಳಿತುಕೊಂಡು ಇನ್ನೊಮ್ಮೆ ಕೇಳಿದೆ. ಅವಳು ಕೈಗೆ ಹತ್ತಿದ ಹಿಟ್ಟು ಉಜ್ಜಿಕೊಳ್ಳುತ್ತ, "ನಂಗ ಮನಸ್ಸಿಲ್ಲ. ಆದ್ರ ಅವ್ವಗ ಹೆಂಗ ಹೇಳ್ಲಿ ತಿಳೀವಲ್ದು," ಅಂದಳು. ಅಂದು ಸಂಜೆಯವರೆಗೆ ಅವಳೊಬ್ಬಳೇ ಮಾತಾಡಿದಳು.